ಮಂಠಾಳದಾಕಿ ಬರಿಯೋ ಮಾರ್ಕ್ವೆಸ್

8 ಜುಲೈ 2024, ಸೋಮವಾರ

ಬಸ್ಸಿನಾಗ ಇವತ್ತೂ ಸೀಟಿಲ್ಲ. ನಮ್ಮೂರು ಮಂಠಾಳ ಬಿಟ್ಟು, ಕಲ್ಯಾಣದಿಂದ ಹುಮನಾಬಾದ ಕಾಲೇಜಿನತನಕ ನಿಂತೇ ಹೋದೆ. ಒಂದು ಕೈಯಾಗ ರಾಡು, ಒಂದು ಕೈಯಾಗ ಮೊಬೈಲು. ಮೊಬೈಲಿನಾಗ ಸ್ಪೇನಿನ ಪಾರ್ಲಿಮೆಂಟಿನ ಹಳೇ ಭಾಷಣ. ಸಸ್ತಾಪುರ ಬಂಗ್ಲಾ ಬರೂದ್ರಾಗ ಒಂದು ಪ್ಯಾರಾ ಆತು. ಬಾಜೂಕ ನಿಂತ ಹೆಣ್ಮಗಳು ಇಣುಕಿ ನೋಡಿ, "ಇದು ಯಾವ ಭಾಷಾ ಅದವ್ವಾ?" ಅಂದ್ಳು. ಸ್ಪ್ಯಾನಿಷ್ ಅಂದೆ. ಔಷಧದ ಚೀಟಿ ಅಂತ ತಿಳಕೊಂಡಿದ್ಳಂತ.

ಸ್ಟಾಫ್ ರೂಮಿನಾಗ ಮುಸ್ಕಾನ— ಉರ್ದು ಕಲಸತಾಳ, ನನ್ನಂಗs ಗೆಸ್ಟ್ ಲೆಕ್ಚರರ್— "ನಿನ್ನ ಮುದುಕ ಎಲ್ಲಿತನಕ ಬಂದ?" ಅಂತ ಕೇಳಿದ್ಳು.

"ರಾಣಿ ಜೋಡಿ ಜಗಳಾಡಿ ಪ್ಯಾರಿಸ್ಸಿಗೆ ಓಡಾಕತ್ತಾನ."

"ಶಾಬ್ಬಾಸ್!"

ನನ್ನ ಮುದುಕ ಅಂದ್ರ ನೂರೈವತ್ತು ವರ್ಷದ ಹಿಂದಿನ ಸ್ಪೇನಿನ ಡಾನ್ ಇಗ್ನಾಸಿಯೊ, ಮಾರ್ಕ್ವೆಸ್ ದೆ ವಾಲ್ದೆಸೆರಾ. ಮಾರ್ಕ್ವೆಸ್ ಅಂದ್ರ ನಮ್ಮ ಕಡೆ ದೇಶಮುಖ ಇದ್ದಂಗ, ಜರಾ ದೊಡ್ಡಾವ. ಕ್ವಾಟಿಯೊಳಗ ಹುಟ್ಟಿದ. ಅಪ್ಪ ಯುದ್ಧದಾಗ ಸತ್ತ. ಮೀಸಿ ಮೂಡೂಕಿಂತ ಮೊದಲೇ ಪದವಿ, ಊರುಗಳು, ಕ್ಯೂಬಾದಾಗ ಕಬ್ಬಿನ ತ್ವಾಟ, ತ್ವಾಟದ ಜೋಡಿ ಗುಲಾಮರು... ಎಲ್ಲಾ ಕೈಗೆ ಬಂತು. ಸಿಪಾಯಿ ಆದ, ಪಾರ್ಲಿಮೆಂಟ್ ಮೆಂಬರ್ ಆದ, ಮಂತ್ರಿ ಆದ. ಆಮ್ಯಾಲ ದೇಶಾ ಬಿಟ್ಟ.

12 ಜುಲೈ, ಶುಕ್ರವಾರ

ಕಲಬುರಗಿಗೆ ಹೋಗಿದ್ದೆ. ನನ್ನ ಪಿಎಚ್.ಡಿ. ಗೈಡ್ ಸರ್ ಚಹಾ ತರಿಸಿದ್ರು. ಚಹಾ ತರಿಸಿದ್ರ ಏನೋ ಅದ ಅಂತ ಗೊತ್ತಾತು.

"ವಿಶಾಖಾ, ಟಾಪಿಕ್ ಬದಲಿ ಮಾಡ್ರಿ. ಸ್ಪೇನ್ ಯಾಕ ನಿಮಗ? 'ಬಸವಕಲ್ಯಾಣ ತಾಲ್ಲೂಕಿನ ದಲಿತ ಕೃಷಿ ಕೂಲಿ ಮಹಿಳೆಯರು'— ಹ್ಯಾಂಗದ? ನಿಮ್ಮ ತಾಯಿನೇ ಅದಾರ. ಫೀಲ್ಡ್ ವರ್ಕ್ ಮನ್ಯಾಗs ಆಗ್ತದ."

ಮನಿ ಅಂದ್ರ ಫೀಲ್ಡು. ಅವ್ವ ಅಂದ್ರ ಡೇಟಾ.

ಅವರದೇ ಇನ್ನೊಬ್ಬ ಸ್ಟೂಡೆಂಟ್, ವಾಡೇದ, ಅಂದ್ರ ಧಣಿಗಳ ಮನಿತನದಾವ, ನಮ್ಮಂಥ ಓಣಿಗಳ ಮ್ಯಾಲೆ ಮಾಡಾಕತ್ತಾನ. ಅವಗ ಯಾರೂ "ನಿಮ್ಮ ಮನಿ ಮ್ಯಾಲೆ ಮಾಡ್ರಿ" ಅಂದಿಲ್ಲ. ಅವ ನಮ್ಮನ್ನ ನೋಡಬೌದು. ನಾ ಮ್ಯಾಲೆ ನೋಡಬಾರದು.

"ಬದಲಿ ಮಾಡಂಗಿಲ್ರಿ ಸರ್" ಅಂದೆ. ಚಹಾ ಕುಡೀಲಿಲ್ಲ. ಈಗ ಅನಸಾಕತ್ತದ, ಕುಡಿಬೇಕಿತ್ತು. ಚಹಾದ್ದೇನು ತಪ್ಪು?

21 ಜುಲೈ, ರವಿವಾರ

ಧಮ್ಮಪಾಲ ಬಂದಿದ್ದ. ಚಿಗವ್ವನ ಮಗ. ಕಲ್ಯಾಣದಾಗ ನಮ್ಮ ಹುಡುಗರ ಸಂಘ ನಡಸ್ತಾನ. ಅವಂದೂ ಅದೇ ರಾಗ, ಬ್ಯಾರೆ ಬಾಯಿಂದ.

"ಅಕ್ಕಾ, ನಮ್ಮ ಮಂದಿ ಇತಿಹಾಸ ಬರಿಯೋರು ಎಷ್ಟು ಮಂದಿ ಅದಾರ? ನೀ ಹೋಗಿ ಒಬ್ಬ ಜಮೀನ್ದಾರನ ಪಲ್ಲಕ್ಕಿ ಹೊರಾಕತ್ತಿ."

"ಹೊರಾಕತ್ತಿಲ್ಲೋ. ಪರದೆ ಸರಿಸಿ ಒಳಗ ಯಾರು ಕುಂತಾನ ಅಂತ ನೋಡಾಕತ್ತೇನಿ."

ಅವಗ ಆ ಭಾಷಣ ಓದಿ ಹೇಳ್ದೆ. ರಾಣಿ ಓಡಿಹೋದ ಮ್ಯಾಲೆ ಮಾರ್ಕ್ವೆಸ್ ತಿರುಗಿ ಬಂದ. ಪಾರ್ಲಿಮೆಂಟಿನಾಗ ಎದ್ದು ನಿಂತ. ಗುಲಾಮರನ್ನ ಬಿಡ್ರಿ ಅಂದ. ಸುತ್ತ ಕುಂತವರೆಲ್ಲಾ ಅವನ ಬೀಗರು, ತ್ವಾಟದ ಧಣಿಗಳು. ಕೂಗಿದ್ರು— ನಿನಗೇನು ಗೊತ್ತು? ಅವ ಅಂದ: "ನಾ ಮಾಲೀಕ. ನಾವು ಏನೇನು ಸುಳ್ಳು ಹೇಳತೇವಿ ಅಂತ ನನಗ ಗೊತ್ತು."

ಎಂ.ಎ. ಓದೂ ಮುಂದ ಈ ಒಂದು ಮಾತು ಸಿಕ್ಕಿತ್ತು. ಅವತ್ತಿಂದ ಬಿಟ್ಟಿಲ್ಲ. ಮಾಲೀಕರು ಒಳಗೊಳಗ ಏನು ಮಾತಾಡಕೊಂತಾರ? ನಮ್ಮ ಆಯಿ, ಅಂದ್ರ ಅಜ್ಜಿ, ವಾಡೇದ ಅಂಗಳ ಉಡುಗಿದಾಕಿ. ಬಾಗಲದ ಆಕಡೆ ಏನು ನಡದದ, ಆಕಿಗೆ ಕೇಳಸ್ತಿದ್ದಿಲ್ಲ. ನಾ ಕೇಳತೇನಿ.

ಧಮ್ಮಪಾಲ ಒಪ್ಪಲಿಲ್ಲ. ಊಟಕ್ಕ ಮಾತ್ರ ನಿಂತ.

9 ಆಗಸ್ಟ್, ಶುಕ್ರವಾರ

ಟಾಪಿಕ್ ಪಾಸ್ ಮಾಡೂ ಕಮಿಟಿ. ಐದು ಮಂದಿ.

"ಸ್ಪ್ಯಾನಿಷ್ ಬರ್ತದೇನು?" ಅಂದ್ರು, ನಗುಕೋತ. ಭಾಷಣದ್ದ ಒಂದು ಪ್ಯಾರಾ ಸ್ಪ್ಯಾನಿಷಿನಾಗs ಹೇಳ್ದೆ, ಕನ್ನಡ ಅರ್ಥಾನೂ ಹೇಳ್ದೆ. ನಗೂದು ನಿಂತಿತು. ಆದ್ರೂ— "ಸ್ಥಳೀಯ ಮಹತ್ವ ಇಲ್ಲ." ರಿಜೆಕ್ಟ್.

ಹೊರಗ ಬಂದು ಗೈಡ್ ಸರ್, "ಟಾಪಿಕ್ ಬದಲಿ ಮಾಡಿದ್ರ ನಾ ಅದೇನಿ. ಇಲ್ಲಂದ್ರ ಬ್ಯಾರೆಯವರನ್ನ ನೋಡಕೋರಿ" ಅಂದ್ರು.

"ನೋಡಕೋತೇನ್ರಿ."

ಹಿಂದ ನೋಡದs ಬಸ್ ಸ್ಟ್ಯಾಂಡಿಗೆ ಹ್ವಾದೆ.

10 ಆಗಸ್ಟ್

ಏನೂ ಬರಿಯಂಗಿಲ್ಲ.

3 ನವೆಂಬರ್, ರವಿವಾರ

ಬಾಳ ದಿನಾ ಆತು. ಗೈಡ್ ಇಲ್ಲ. ಓದೂದು ಮಾತ್ರ ಬಿಟ್ಟಿಲ್ಲ. ಬಿಟ್ಟಿದ್ರ ಚಲೋ ಇತ್ತೇನೋ.

ಮುಂಜಾನಿ ಸಿಕ್ತು. ಆ ಭಾಷಣ ಆಗಿ ಎರಡು ವರ್ಷಕ್ಕ ಮಾರ್ಕ್ವೆಸ್ ಗೃಹಮಂತ್ರಿ. ವಾಲ್ದೆಸೆರಾದಾಗ ಅವನ ಸ್ವಂತ ಊರಿನ ಕೂಲಿ ಮಂದಿ ಗೋಮಾಳ ನಮ್ಮದು ಅಂತ ಹೋಗಿ ಕುಂತ್ರು. ಅವ ಸೈನ್ಯ ಕಳಿಸಿದ. ಗುಂಡು. ಸತ್ತವರಾಗ ಇಬ್ಬರು ಹೆಂಗಸರು. ಪಾರ್ಲಿಮೆಂಟಿನಾಗ ಕೇಳಿದ್ರ ಅಂದ— "ಆಸ್ತಿ ಬ್ಯಾರೆ, ಗುಲಾಮಗಿರಿ ಬ್ಯಾರೆ."

ಫೋನು ಮಕಾಡೆ ಹಾಕಿ ಕುಂತೆ. ಹರಾಮಿ. ನಿನ್ನ ಸಲುವಾಗಿ ನಾ ಗೈಡ್ ಕಳಕೊಂಡೆ.

ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಿ, "ಯಾರರ ಸತ್ತಾರೇನು?" ಅಂದ್ಳು.

"ಹೌದವ್ವಾ. ಬಾಳ ಹಿಂದ."

ಸಂಜೀಕ ನಾನೇ ಧಮ್ಮಪಾಲನ ಸಂಘಕ್ಕ ಹೋದೆ. ಎಲ್ಲಾ ಹೇಳ್ದೆ. ಗೆದ್ದೆ ಅಂತ ನಗತಾನ ಅನಕೊಂಡಿದ್ದೆ. ನಗಲಿಲ್ಲ.

"ಇದನ್ನೂ ಬರೀತಿ?"

"ಮೊದಲ ಚಾಪ್ಟರ್ ಇದೇ."

"ಹಂಗಾರ ಬಿಡಬ್ಯಾಡ ಅಕ್ಕಾ. ಅವನನ್ನ ಬಿಡಬ್ಯಾಡ" ಅಂದ.

ಬಿಡಂಗಿಲ್ಲ. ದೇವರಂತ ಹಿಡದಿದ್ದಿಲ್ಲ, ದೆವ್ವಂತ ಬಿಡೂದೂ ಇಲ್ಲ. ಒಬ್ಬನೇ ಮನಷ್ಯಾ ಎರಡೂ ಹ್ಯಾಂಗ ಮಾಡಿದ— ಅದು ಬೇಕು ನನಗ.

2 ಡಿಸೆಂಬರ್, ಸೋಮವಾರ

ಮುಸ್ಕಾನ ಒಬ್ಬರ ಹೆಸರು ಕೊಟ್ಟಿದ್ಳು. ರುಕ್ಮಿಣಿಬಾಯಿ ಮೇಡಮ್, ಇತಿಹಾಸ ವಿಭಾಗ. ಜಲ್ದಿ ರಿಟೈರ್ ಆಗತಾರಂತ, ಸಿಟ್ಟು ಬಾಳಂತ. ಸಿನಾಪ್ಸಿಸ್ ಪೂರಾ ಓದಿದ್ರು, ನಾ ಎದುರಿಗೆ ನಿಂತಿರೂ ಮುಂದs.

"ನನಗ ಸ್ಪೇನ್ ಗೊತ್ತಿಲ್ಲ. ತಿಳಿಯದಿದ್ರ ನಿನ್ನನ್ನ ಕೇಳತೇನಿ. ನಡೀತದೇನು?"

ಇದುತನಕ ಯಾವ ಸರೂ ನನ್ನ ಮುಂದ "ಗೊತ್ತಿಲ್ಲ" ಅಂದಿಲ್ಲ. ನಡೀತದ್ರಿ ಅಂದೆ. ಸಹಿ ಹಾಕಿದ್ರು.

17 ಜನವರಿ 2025, ಶುಕ್ರವಾರ

ಮತ್ತ ಅದೇ ರೂಮು, ಅದೇ ಐದು ಮಂದಿ. ಈ ಸಲ ಗುಂಡಿನಿಂದ ಸುರು ಮಾಡ್ದೆ. ಸತ್ತ ಹೆಂಗಸರ ಹೆಸರು ಹೇಳ್ದೆ. ಆಮ್ಯಾಲ ಭಾಷಣ. ಆಮ್ಯಾಲ ಹೊಸಾ ರಾಜ ಬಂದು ಪ್ರಧಾನಿ ಆಗು ಅಂದಾಗ ಇವ ಒಲ್ಲೆ ಅಂದದ್ದು. ಒಬ್ಬನೇ ಹಾಳು ಕ್ವಾಟಿಯೊಳಗ ಕುಂತು ಮುದುಕಾದದ್ದು.

ಹಿಂದಿನ ಸಲ ನಕ್ಕವರು ಇವತ್ತು ನಗಲಿಲ್ಲ. ಕೇಳಿದ್ರು— "ಎಲ್ಲಾ ಖರೇ. ಆದ್ರ ನಿಮಗೂ ಅವನಿಗೂ ಏನು ಸಂಬಂಧ?"

"ಏನೂ ಇಲ್ಲರಿ. ಅದಕ್ಕs."

ರುಕ್ಮಿಣಿಬಾಯಿ ಮೇಡಮ್ ಕಿಟಕಿ ಕಡೆ ಮಾರಿ ತಿರುಗಿಸಿದ್ರು. ನಕ್ಕರು, ನಾ ನೋಡ್ದೆ.

ಮೂರು ಮಂದಿ ಹೌದು. ಇಬ್ಬರು ಇಲ್ಲ.

ಪಾಸ್.

ಮೆಟ್ಟಲ ಮ್ಯಾಲೆ ಗೈಡ್ ಸರ್— ಮೊದಲಿನವರು— ಸಿಕ್ಕರು. "ಕೆಲಸಾ ಸಿಗೂದು ಕಷ್ಟ ನೋಡ್ರಿ ಇದರ ಮ್ಯಾಲೆ" ಅಂದ್ರು. ಇರಬೌದ್ರಿ ಅಂದೆ. ಖರೇನೂ ಇರಬೌದು.

18 ಜನವರಿ, ಶನಿವಾರ

ರಜಾ. ಬಿಸಲಾಗ ಕುಂತೇನಿ. ಅವ್ವ ತೊಗರಿ ಹಸನ ಮಾಡಾಕತ್ತಾಳ. ಇಷ್ಟು ವರ್ಷ ಆಕಿ ಒಮ್ಮೆಯೂ ಕೇಳಿದ್ದಿಲ್ಲ. ಇವತ್ತು ಮೊರ ಬಾಜೂಕಿಟ್ಟು, "ಅವ ಯಾರು ಏನು ಅಂತ ನನಗೂ ಜರಾ ಹೇಳು" ಅಂದ್ಳು.

"ದೊಡ್ಡದದವ್ವಾ ಕಥಿ."

"ತೊಗರೀನೂ ರಗಡ ಅದ. ಹೇಳು."

ಎಲ್ಲಿಂದ ಸುರು ಮಾಡ್ಲಿ? ಕ್ವಾಟಿಯಿಂದೋ, ಗುಂಡಿನಿಂದೋ... ಅವ್ವ ಕಾಯಾಕತ್ತಾಳ. ಹಿಂಗ ಸುರು ಮಾಡ್ತೇನಿ— ಅವ್ವಾ, ಆ ಊರಾಗ ಗೋಮಾಳದ ಮ್ಯಾಲೆ ಮೊದಲು ಹೋಗಿ ಕುಂತಾಕಿ ಒಬ್ಬಾಕಿ ಹೆಣ್ಮಗಳು, ಆಕಿ...