ಕಿಟಕಿಗೆ ಓದಿದ ಲೆಕ್ಕ

ಮಾರ್ಚ್ 23
ಮತ್ತೆ ಹೆಡ್‌ಮಾಸ್ಟರ್ ಪೀರಪ್ಪನವರ ಫೋನು. ನಾಳೆ ಎಸ್ಸೆಸ್ಸೆಲ್ಸಿ ಗಣಿತ, ನನ್ನ ವಿಷಯ. ನನಗೆ ಡ್ಯೂಟಿ ಇಲ್ಲ. ಆದರೂ ಸೆಂಟರಿಗೆ ಬರಬೇಕಂತೆ.

“ಕಲ್ಯಾಣಕುಮಾರ ಸರ್, ಕ್ಯಾಮೆರಾಕ್ಕ ಕಣ್ಣದಾವ, ಕಿವಿ ಇಲ್ಲ. ಹಿತ್ತಲ ಕಿಟಕಿಗಿ ನಿಂತು ಉತ್ತರ ಓದಿಬಿಡ್ರಿ. ರಿಸಲ್ಟ್ ಬಿತ್ತಂದ್ರ ನೋಟಿಸು ನನಗೂ ಬರ್ತದ, ನಿಮಗೂ ಬರ್ತದ.”

ಆಗಲ್ಲ ಎನ್ನಬೇಕಿತ್ತು. “ಆಯ್ತ್ರಿ” ಅಂದೆ.

ಮಾರ್ಚ್ 24, ಸಂಜೆ
ಪ್ರಶ್ನೆಪತ್ರಿಕೆಯ ಫೋಟೊ ಮೊಬೈಲಿಗೆ ಬಂತು. ಸ್ಟೋರ್‌ರೂಮಿನಲ್ಲಿ ಕೂತು ಗಡಿಬಿಡಿಯಲ್ಲಿ ಬಿಡಿಸಿದೆ. ಆಮೇಲೆ ಜಾಲಿಮುಳ್ಳಿನ ನಡುವೆ ನಿಂತು ಒಂದೊಂದೇ ಕಿಟಕಿಗೆ ಓದಿದೆ. ರೂಢಿಬಲ — ನಡುನಡುವೆ “ಬರ್ಕೊಂಡ್ರೇನು?” ಅಂತ ಕೇಳುತ್ತಿದ್ದೆ. ಥೂ.

ಬಸ್‌ಸ್ಟ್ಯಾಂಡಿನಲ್ಲಿ ಇರಮ ಸಿಕ್ಕಳು. ನನ್ನ ಕ್ಲಾಸಿನ ಜಾಣೆ. ಗಣಿತದಲ್ಲಿ ಪೂರ್ತಿ ಮಾರ್ಕ್ಸ್ ಬಂದರೆ ಕಲಬುರಗಿಯ ಹಾಸ್ಟೆಲ್ ಕಾಲೇಜಿನಲ್ಲಿ ಫ್ರೀ ಸೀಟು. ಇಲ್ಲದಿದ್ದರೆ ಸೈನ್ಸ್ ಆಸೆ ಬಿಡಬೇಕು.

“ಸರ್, ಟೆಂಟಿನ ಲೆಕ್ಕದಾಗ ನಾ ತ್ರಿಜ್ಯ ಏಳು ತಗೊಂಡಿದ್ದೆರಿ. ನಿಮ್ಮ ದನಿ ಕೇಳಿ ಹೊಡ್ದು ಹಾಕಿ ಹದಿನಾಲ್ಕು ಮಾಡ್ದೆ. ಹದಿನಾಲ್ಕೇ ಖರೇ ಅಲ್ರಿ?”

ಮೊಬೈಲಿನ ಫೋಟೊ ತೆಗೆದು ನೋಡಿದೆ. ಹದಿನಾಲ್ಕು ವ್ಯಾಸ! ಅದನ್ನೇ ತ್ರಿಜ್ಯ ಅಂದುಕೊಂಡು ಎಲ್ಲ ಕಿಟಕಿಗೂ ಓದಿದ್ದೆ.

“ಖರೇ ಅದ. ಮನಿಗಿ ಹೋಗು” ಅಂದೆ. ನಾಚಿಕೆಗೇಡಿ ನಾನು.

ಮಾರ್ಚ್ 25
ಊಟ ಸೇರಲಿಲ್ಲ.

ಏಪ್ರಿಲ್ 19
ಮೌಲ್ಯಮಾಪನದಲ್ಲಿ ಸಿಕ್ಕಿಬಿತ್ತು. ಇಡೀ ಸೆಂಟರಿನ ಮಕ್ಕಳದು ಒಂದೇ ತಪ್ಪು. ಸೋಮವಾರ ವಿಚಾರಣೆ.

“ಬಾಯಿ ಮುಚ್ಕೊಂಡು ಕೂಡ್ರಿ. ಹುಡುಗರು ಏನೂ ಹೇಳಂಗಿಲ್ಲ” — ಪೀರಪ್ಪನವರು. ಮಕ್ಕಳ ಮೇಲೆ ಎಂಥ ಭರವಸೆ ನಮಗೆ...

ಏಪ್ರಿಲ್ 21
ವಿಚಾರಣೆಗೆ ಬಂದ ಅಧಿಕಾರಿ ಮೇಡಂ ನಮ್ಮೆದುರೇ ಇರಮಳನ್ನು ಕರೆದರು. ಬೋರ್ಡಿನ ಮೇಲೆ ಅದೇ ಲೆಕ್ಕ.

“ಯಾರರ ಹೇಳಿಕೊಟ್ಟಿದ್ರ ಹೇಳವ್ವಾ. ಇಲ್ಲಂದ್ರ ಬಿಡಿಸಿ ತೋರಸು.”

ಸರಿಯಾಗಿ ಬಿಡಿಸಿದರೆ ನನ್ನ ಕಥೆ ಮುಗಿದಂತೆ. ಇಷ್ಟು ಬಲ್ಲ ಹುಡುಗಿಗೆ ತಪ್ಪು ಹೇಳಿಕೊಟ್ಟವರು ಯಾರು ಅಂತ ಕೇಳುತ್ತಾರೆ. ಕೀ ಆನ್ಸರ್ ನೋಡಿ ಹದಿನಾಲ್ಕು ತಪ್ಪೆಂದು ಅವಳಿಗೆ ತಿಳಿದಿತ್ತು; ಇದೂ ಗೊತ್ತಿತ್ತು. ಒಮ್ಮೆ ನನ್ನ ಕಡೆ ನೋಡಿದಳು. ತಿರುಗಿ ಬರೆದಳು — ತ್ರಿಜ್ಯ 14.

“ಅದು ವ್ಯಾಸ ಅಲ್ಲೇನು?”

“ನನಗ ಹಿಂಗೇ ತಿಳ್ದಿತ್ರಿ ಮೇಡಂ. ಸರ್ ಬರೋಬ್ಬರಿ ಕಲ್ಸ್ಯಾರ. ತಪ್ಪು ನಂದು.”

ಮೇಡಂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಕಲು ಅಲ್ಲ, ಮಕ್ಕಳೇ ದಡ್ಡರು ಅಂತ ಬರೆದುಕೊಂಡು ಹೋದರು. ಪೀರಪ್ಪನವರು ಖುಷಿಯಲ್ಲಿ ಚಹಾ ತರಿಸಿದರು. ಕುಡಿದೆ.

ಏಪ್ರಿಲ್ 22, ಬೆಳಿಗ್ಗೆ
ಇರಮಳ ತಂದೆ ಹಸನಸಾಬ ಬಂದಿದ್ದಾರೆ. ಕುರ್ಚಿ ಕೊಟ್ಟರೂ ಕೂಡಲಿಲ್ಲ. ಎರಡೂ ಕೈ ಜೋಡಿಸಿದರು.

“ಮಾಫ್ ಮಾಡ್ರಿ ಸರ್. ದೊಡ್ಡವರ ಮುಂದ ತಪ್ಪು ಲೆಕ್ಕ ಬರ್ದು ನಮ್ಮ ಹುಡುಗಿ ನಿಮ್ಮ ಹೆಸರು ಕೆಡಿಸ್ಯಾಳ. ನಿನ್ನೆ ಭಾಳ ಬೈದೇನಿ. ಸೀಟಿನ ಮಾತೇ ತೆಗಿಬ್ಯಾಡ ಅಂದೇನಿ.”

ಅವರು ಹೊರಗೆ ನಿಂತಿದ್ದಾರೆ. ಚಹಾದ ನೆಪ ಹೇಳಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನಿಜ ಬಾಯಲ್ಲಿ ಬರುತ್ತಿಲ್ಲ, ಬರೆದು ನೋಡಿದರೆ ಬಂದೀತೇ ಅಂತ. ಮೊದಲು ಇವರಿಗೆ ಹೇಳಬೇಕು. ಆಮೇಲೆ ಮೇಡಂಗೆ. ನೌಕರಿ ಹೋದರೆ ಹೋಗಲಿ.

ಹಸನಸಾಬ, ನಿಮ್ಮ ಮಗಳು ಮೊದಲು ಬರೆದಿದ್ದು ಏಳು. ಅದನ್ನು ಹೊಡೆದು ಹಾಕಿಸಿದವನು —