ನವೋಮಿಗೆಂದು ತೆಗೆದಿಟ್ಟ ಹಸಿರು ಸೀರೆ

ಅತ್ತೆ,
ಅಶ್ಮಿತಾಳನ್ನು ಕರೆದುಕೊಂಡು ಅವಳ ಗೆಳತಿ ನವೋಮಿಯ ಮನೆಗೆ, ರುಮೈಥಿಯಾ ಬಡಾವಣೆಗೆ ಹೊರಟೆ. ಗಂಜಿ ಕುಕ್ಕರಿನಲ್ಲಿದೆ, ಉಪ್ಪಿನಕಾಯಿ ಮೇಜಿನ ಮೇಲಿದೆ.

ನವೋಮಿ ದೊಡ್ಡವಳಾಗುವುದು ಎಂದರೆ ನೀವು ತಿಳಿದದ್ದಲ್ಲ ಮಾರಾಯ್ರೆ! ಯಹೂದಿಗಳಲ್ಲಿ ಹನ್ನೆರಡು ತುಂಬಿದರೆ ಹುಡುಗಿ ದೊಡ್ಡವಳಾದ ಲೆಕ್ಕ. ಆಗ ಏನಾದರೊಂದು ಒಳ್ಳೆಯ ಕೆಲಸ ಮಾಡಬೇಕಂತೆ. ಅದಕ್ಕೇ ತಾನು ಬಿಡಿಸಿದ ಚಿತ್ರಗಳನ್ನು ಮಾರಿ ಬೀದಿಬೆಕ್ಕುಗಳಿಗೆ ಮದ್ದು ಕೊಡಿಸುತ್ತಾಳೆ. ಮೊನ್ನೆ ಅವಳ ಅಪ್ಪನೆದುರೇ "ಇವತ್ತಿಗೆ ಎಷ್ಟನೇ ದಿನ?" ಎಂದು ಕೇಳಿಬಿಟ್ಟಿರಲ್ಲ, ಅವರಿಗೆ ನಮ್ಮ ಭಾಷೆ ಬಾರದ್ದು ನನ್ನ ಪುಣ್ಯ.

ಅವಳಿಗೆಂದು ತೆಗೆದಿಟ್ಟ ಹಸಿರು ಸೀರೆ ಕಪಾಟಿನಲ್ಲೇ ಇರಲಿ. ಇವತ್ತು ಬೆಳಗ್ಗೆ ನಮ್ಮ ಅಶ್ಮಿತಾ ದೊಡ್ಡವಳಾದಳು, ನಿಮ್ಮ ಲೆಕ್ಕದಲ್ಲೇ. ಹೊರಗೆ ಕರೆದುಕೊಂಡು ಹೋದೆನೆಂದು ಬೈಯಬೇಡಿ, ಅವಳೇ ಹಟ ಹಿಡಿದಳು.

ಅಜ್ಜಿಗೆ ತಾನೇ ಹೇಳಬೇಕಂತೆ ಅವಳಿಗೆ. ಹೇಳುವಾಗ ಮೊದಲ ಸಲ ಕೇಳಿದ ಹಾಗೆ ಕೇಳಿ.