ನಂಬರು ಹೋಗಿ ಫೋಟೊ ಬಂದ ದಿನ

ಮಂಗಳವಾರ, ಫೆಬ್ರವರಿ 11

ಇವತ್ತು ಯಾರೂ ನನ್ನನ್ನು ಕರೆಯಲಿಲ್ಲ.

ಶಹಾಬಾದದ ನಮ್ಮ ಕಲ್ಲು ಮಾರುವ ಆಫೀಸಿನ ಲಿನಕ್ಸ್ ಕಂಪ್ಯೂಟರಿನಲ್ಲಿ, ಗಿರಾಕಿಗಳಿಗೆ ಕಳಿಸಲು ಫೋಟೊ ಆರಿಸುವ ಕಿಟಕಿ ತೆರೆದರೆ ನಿನ್ನೆಯವರೆಗೆ ಬರೀ ನಂಬರುಗಳು ಕಾಣುತ್ತಿದ್ದವು. ಯಾವ ನಂಬರು ಯಾವ ಕಲ್ಲು ಎಂಬುದು ನನಗೊಬ್ಬಳಿಗೇ ನೆನಪು. ಐದನೇ ತರಗತಿ ಓದಿದ ನನ್ನನ್ನು ಗುರುಲಿಂಗಯ್ಯ ಸಾಹುಕಾರರು ಅದಕ್ಕಾಗಿಯೇ ಕೂಗುತ್ತಿದ್ದರು.

ಸೇಡಂನಿಂದ ಹೊಸದಾಗಿ ಬಂದ ಭಾಗ್ಯಶ್ರೀ ಬೆಳಿಗ್ಗೆ ಅದೇನೋ ಒತ್ತಿದಳು. ಈಗ ಆ ಕಿಟಕಿಯಲ್ಲಿ ನಂಬರಿನ ಬದಲು ಚಿಕ್ಕ ಚಿಕ್ಕ ಫೋಟೊಗಳೇ ಕಾಣುತ್ತವೆ.

"ಲುಂಬಿನಿ ಅಕ್ಕಾ, ನೋಡ್ರಿ, ಇನ್ನ ನಿಮಗ ತಲಿನೋವು ಇಲ್ಲ."

"ಭಾಳ ಶ್ಯಾಣೇಕಿ ಇದ್ದಿ ಬಿಡವಾ," ಎಂದು ಸಾಹುಕಾರರು ನಕ್ಕರು. "ಈಗ ನನ್ನಂಥ ಮುದುಕಗೂ ಸಿಗ್ತಾವ."

ನಾನೂ ನಕ್ಕೆ. ಹೊಟ್ಟೆಯೊಳಗೆ ಸುಣ್ಣದ ಭಟ್ಟಿ ಉರಿಯುತ್ತಿತ್ತು. ಅವಳ ಬಳೆಯ ಸದ್ದು ಕೂಡ ಕಿವಿಗೆ ಚುಚ್ಚುತ್ತಿತ್ತು.

ಸಂಜೆ ಬಾಗಿಲು ಹಾಕುವ ಮುಂಚೆ ಅವರಿಬ್ಬರೂ ಹೊರಗೆ ಲಾರಿ ನೋಡುತ್ತಿದ್ದರು. ನಾನು ಹುಡುಕಿ ಹುಡುಕಿ ಆ ಕಿಟಕಿಯನ್ನು ಮೊದಲಿನಂತೆ ಬರೀ ನಂಬರು ಕಾಣುವ ಹಾಗೆ ಮಾಡಿಟ್ಟೆ. ನಾಳೆ ನನ್ನನ್ನೇ ಕೂಗುತ್ತಾರೆ ಎಂದು ದಾರಿಯುದ್ದಕ್ಕೂ ಖುಷಿ.

ಮಲಗಿದ ಮೇಲೆ ಹೊಳೆಯಿತು. ಅದು ಕೆಟ್ಟಿದೆ ಎಂದು ಅವರು ಕೂಗುವುದು ಅವಳನ್ನೇ. ಅವಳು ಮತ್ತೆ ಸರಿಮಾಡುತ್ತಾಳೆ. ಯಾರು ಮುಟ್ಟಿದರು ಎಂದೂ ಕೇಳುತ್ತಾರೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅವಳು ಮಾಡಿದ ಹಾಗೆಯೇ ಇಟ್ಟುಬಿಡಬೇಕು. ಆದರೆ ಆಫೀಸಿನ ಬೀಗದ ಕೈಯನ್ನು ಸಾಹುಕಾರರು ಇವತ್ತಿನಿಂದ ಅವಳಿಗೇ ಕೊಟ್ಟಿದ್ದಾರೆ.